ಪದ ಬೇಕು: ಯುದ್ಧಕಾಲದ ಲೈಂಗಿಕ ಹಿಂಸೆಗೆ ಗುರಿಯಾದವರನ್ನು ಏನೆಂದು ಕರೆಯೋಣ?

ತುಮಕೂರಿನಿಂದ:
ಇಲ್ಲಿನ ಕಾಲೇಜೊಂದರ ಪ್ರದರ್ಶನಕ್ಕೆ ಫಲಕಗಳನ್ನು ಅನುವಾದಿಸುತ್ತಿದ್ದೇನೆ. ರುವಾಂಡಾ, ಬೋಸ್ನಿಯಾ, ಬಾಂಗ್ಲಾದೇಶ. ನಾಳೆ ಸಂಜೆಯೊಳಗೆ ಫ್ಲೆಕ್ಸ್ ಮುದ್ರಣಕ್ಕೆ ಹೋಗಬೇಕು. ‘ಸರ್ವೈವರ್’ಗೆ ‘ಸಂತ್ರಸ್ತೆ’ ಎಂದು ಬರೆದು ಅಳಿಸಿದೆ. ‘ಬದುಕುಳಿದವಳು’ ಬಸ್ ಅಪಘಾತದ ಸುದ್ದಿಯಂತಿದೆ. ‘ಸಂಘರ್ಷೋತ್ತರ ಶಾಂತಿ ನಿರ್ಮಾಣ’ ಸರಿಯೇ?

ಕೋಲಾರದಿಂದ:
‘ಸಂಘರ್ಷೋತ್ತರ’ ಬೇಡವೇ ಬೇಡ. ‘ಕಾಳಗ ನಿಂತ ಮೇಲೆ’ ಎನ್ನಿ. ನಿರ್ಮಾಣ ಸೇತುವೆಗಿರಲಿ, ಶಾಂತಿಯನ್ನು ಕಟ್ಟೋಣ. ‘ಸಂತ್ರಸ್ತೆ’ಯ ಧಾತು ತ್ರಸ್, ಎಂದರೆ ನಡುಗು. ಇಪ್ಪತ್ತು ವರ್ಷ ಕಳೆದರೂ ಆಕೆಯನ್ನು ನಡುಗಿಸುತ್ತಲೇ ಇರುವ ಪದ. ಎರವಲಿನ ಫಲವೇ ಇದು. ಅಚ್ಚಗನ್ನಡ ಬಳಸಿದ್ದರೆ ಈ ತೊಡಕು ಇರುತ್ತಿರಲಿಲ್ಲ.

ಚಿಕ್ಕಬಳ್ಳಾಪುರದಿಂದ:
ಇರುತ್ತಿರಲಿಲ್ಲವೇ? ಇದಕ್ಕೆ ನಮ್ಮ ಹಳ್ಳಿಗಳಲ್ಲಿರುವ ಅಚ್ಚಗನ್ನಡ ಮಾತು ‘ಕೆಡಿಸಿದರು’. ಹಾಲು ಕೆಡುತ್ತದೆ, ಅನ್ನ ಕೆಡುತ್ತದೆ, ಹೆಣ್ಣೂ ಕೆಡುತ್ತಾಳೆ! ಒಮ್ಮೆ ವಕೀಲರೊಬ್ಬರ ಕಚೇರಿಯಲ್ಲಿ ತಾಯಿಯೊಬ್ಬರು ತೆಲುಗಿನಲ್ಲಿ ‘ಚೆರಿಚಾರು’ ಎಂದರು. ನಾನು ‘ಕೆಡಿಸಿದರು’ ಎಂದು ಕನ್ನಡಕ್ಕೆ ತಂದೆ. ಪಕ್ಕದಲ್ಲಿದ್ದ ಮಗಳು ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತಾ ತಲೆ ತಗ್ಗಿಸಿದಳು. ಆ ಪದವನ್ನು ನಾನು ಮತ್ತೆ ಬಳಸಿಲ್ಲ. ‘ಮಾನಭಂಗ’ವೂ ಅಂಥದ್ದೇ, ಹೋದದ್ದು ಆಕೆಯ ಮಾನ ಎನ್ನುತ್ತದೆ, ಮಾಡಿದವನ ಸುದ್ದಿಯೇ ಇಲ್ಲ.

ಹೊಗಳುವ ಪದವನ್ನೂ ಹುಡುಕಬೇಡಿ. 1971ರ ಯುದ್ಧದ ನಂತರ ಬಾಂಗ್ಲಾದೇಶ ಸರ್ಕಾರ ಈ ಮಹಿಳೆಯರಿಗೆ ‘ಬೀರಾಂಗೋನಾ’, ಅಂದರೆ ವೀರಾಂಗನೆ, ಎಂಬ ಬಿರುದು ಕೊಟ್ಟಿತು. ಬಿರುದೇ ಗುರುತಾಯಿತು, ಎಷ್ಟೋ ಮನೆಗಳು ಬಾಗಿಲು ಹಾಕಿದವು.

‘ನೊಂದವರು’ ಎಂದು ಬರೆಯಿರಿ. ಬೋಸ್ನಿಯಾದ ಶಿಬಿರಗಳಲ್ಲಿ ಗಂಡಸರ ಮೇಲೂ ಇದೇ ಹಿಂಸೆ ನಡೆದಿದೆ, ‘ಸಂತ್ರಸ್ತೆ’ ಅವರನ್ನು ಹೊರಗಿಡುತ್ತದೆ. ನಮ್ಮ ‘ಅವರು’ ಹೆಣ್ಣುಗಂಡೆನ್ನದೆ ಎಲ್ಲರನ್ನೂ ಒಳಗೊಳ್ಳುತ್ತದೆ, ಗೌರವವನ್ನೂ ಕೊಡುತ್ತದೆ.

ರುವಾಂಡಾ ಫಲಕಕ್ಕೆ ಮಾತ್ರ ‘ಸಾಕ್ಷಿ’ಯೇ ಸರಿ. ನರಮೇಧದ ಆರೋಪ ಹೊತ್ತಿದ್ದ ಅಲ್ಲಿನ ಮಾಜಿ ಮೇಯರ್ ಅಕಾಯೆಸು ಮೇಲಿನ ಮೊದಲ ಆರೋಪಪಟ್ಟಿಯಲ್ಲಿ ಅತ್ಯಾಚಾರದ ಮಾತೇ ಇರಲಿಲ್ಲ. ವಿಚಾರಣೆಯ ನಡುವೆ ಮಹಿಳೆಯರು ಎದ್ದು ಹೇಳಿದ ಮೇಲೆ, 1997ರಲ್ಲಿ ಅದು ಸೇರಿತು. 1998ರ ಸೆಪ್ಟೆಂಬರ್ 2ರಂದು, ಅತ್ಯಾಚಾರವೂ ನರಮೇಧದ ಕೃತ್ಯವಾಗಬಲ್ಲದು ಎಂದು ಅಂತರರಾಷ್ಟ್ರೀಯ ನ್ಯಾಯಮಂಡಳಿ ಮೊದಲ ಬಾರಿಗೆ ತೀರ್ಪಿತ್ತಿತು. ಅಷ್ಟು ಮಾಡಿಸಿದವರನ್ನು ಬರಿಯ ನೊಂದವರು ಎನ್ನುವುದು ಸಾಲದು.

ಕೋಲಾರದಿಂದ:
‘ಸಾಕ್ಷಿ’ಯೂ ಸಂಸ್ಕೃತ. ‘ಕಂಡು ಹೇಳಿದವರು’ ಎನ್ನಬಹುದು.

ತುಮಕೂರಿನಿಂದ:
ಅವರು ಕಂಡವರಷ್ಟೇ ಅಲ್ಲ, ಉಂಡವರು. ಸಾಕ್ಷಿ ಎಂದರೆ ನಮ್ಮ ಅಜ್ಜಿಗೂ ಗೊತ್ತು, ಹಾಗಾಗಿ ಅದು ಇರುತ್ತದೆ. ಉಳಿದೆಡೆ ‘ನೊಂದವರು’. ‘ಕಾಳಗ’ವನ್ನು ಒಪ್ಪಲಾರೆ, ‘ಯುದ್ಧ ನಿಂತ ಮೇಲೆ’ ಎಂದು ಹಾಕುತ್ತೇನೆ. ‘ಶಾಂತಿ ಕಟ್ಟುವುದು’ ನಿಮ್ಮದೇ. ಬೆಳಿಗ್ಗೆ ಅಚ್ಚಿಗೆ ಕಳುಹಿಸುತ್ತೇನೆ.