ಓದುಗರ ಸ್ಪಂದನ: ಉಬ್ಬಿದ ರ‍್ಯಾಕು, ತಡೆಹಿಡಿದ ಬಾಕಿ

(ಚಿಕ್ಕಮಗಳೂರಿನ ಬಟ್ಟೆ ಅಂಗಡಿಯೊಂದಕ್ಕೆ ಬೇಸಿಗೆಯಲ್ಲಿ ಕೌಂಟರು, ಫಾಲ್ಸ್ ಸೀಲಿಂಗ್‌ಗಳ ಜೊತೆಗೆ ಮಾಡಿಕೊಟ್ಟ ರ‍್ಯಾಕುಗಳು ಮಳೆಗಾಲದಲ್ಲಿ ಉಬ್ಬಿ, ಮೇಲೆ ಅಂಟಿಸಿದ ಮೈಕಾ (ಲ್ಯಾಮಿನೇಟ್ ಹಾಳೆ) ಎದ್ದುದರಿಂದ ಮಾಲೀಕರು ಬಾಕಿ ಹಣ ಕೊಡುತ್ತಿಲ್ಲವೆಂದು ಬರೆದಿದ್ದ ಯುವಕನಿಗೆ ಬಂದ ಉತ್ತರಗಳು.)

ತಮ್ಮಾ, ಹಣದ ಮಾತಿಗೆ ಮುನ್ನ ನೀರು ಎಲ್ಲಿಂದ ಬಂತೆಂಬುದನ್ನು ಕಂಡುಕೊಳ್ಳಬೇಕು. ಮಾಲೀಕರ ಎದುರಿಗೇ ಒಂದು ರ‍್ಯಾಕಿನ ಹಿಂಬದಿಯ ಹಲಗೆ ಬಿಚ್ಚಿ ನೋಡು. ಗೋಡೆಗೆ ಬೂಷ್ಟು ಹಿಡಿದು ಸುಣ್ಣ ಉದುರುತ್ತಿದ್ದರೆ ಗೋಡೆಯ ತೇವವೇ ಕಾರಣವಿರಬೇಕು. ಗೋಡೆ ಒಣಗಿದ್ದೂ ಪ್ಲೈವುಡ್ಡಿನ ಪದರಗಳು ಬಿಟ್ಟುಕೊಂಡಿದ್ದರೆ ಹಲಗೆಯನ್ನು ಅನುಮಾನಿಸಬೇಕು. ಪದರ ಗಟ್ಟಿಯಾಗಿದ್ದು ಮೈಕಾ ಮಾತ್ರ ಎದ್ದಿದ್ದರೆ, ಅಂಟು ಕೂರುವ ಮೊದಲೇ ಒತ್ತಡ ತೆಗೆದಿರುವ ಸಂಭವವುಂಟು, ಅದು ನಮ್ಮ ಕೈಯ ತಪ್ಪು. ಹಲಗೆಯ ಮೇಲಿನ ಮುದ್ರೆಯನ್ನೂ ಓದು: ಐಎಸ್ (ಭಾರತೀಯ ಮಾನಕ) 303 ಸಾಮಾನ್ಯ ಬಳಕೆಯ ಪ್ಲೈವುಡ್, ಐಎಸ್ 710 ನೀರು ತಡೆಯುವ ಮೆರೈನ್ ಪ್ಲೈವುಡ್. ಎರಡನೆಯದರ ದರ ಹೇಳಿ ಮೊದಲನೆಯದನ್ನು ಹಾಕಿದ್ದರೆ ಬಾಕಿ ಕೇಳುವ ಬಾಯಿ ನಮಗಿರುವುದಿಲ್ಲ.

ಸಕಲೇಶಪುರದ ಅಂಗಡಿಯೊಂದರಲ್ಲಿ ನಾನು ಮುಂಬದಿಗೆ ಮಾತ್ರ ಮೈಕಾ ಅಂಟಿಸಿ, ಬರಿಯ ಹಿಂಬದಿಯನ್ನು ಗೋಡೆಗೆ ತಾಗಿಸಿ ಹೊಡೆದಿದ್ದೆ. ಒಂದೇ ಮಳೆಗಾಲಕ್ಕೆ ಹಲಗೆ ಬಿಲ್ಲಿನಂತೆ ಬಾಗಿತು. ಅದನ್ನು ನನ್ನ ಖರ್ಚಿನಲ್ಲೇ ಬದಲಿಸಿಕೊಟ್ಟೆ. ಅಂದಿನಿಂದ ಹಿಂಬದಿಗೂ ತೆಳು ಲ್ಯಾಮಿನೇಟ್ ಅಂಟಿಸಿ, ಅಂಚುಗಳನ್ನು ಪಟ್ಟಿಯಿಂದ ಮುಚ್ಚಿ, ರೀಪರ್ (ಮರದ ಸಣ್ಣ ಪಟ್ಟಿ) ಕೊಟ್ಟು ಗೋಡೆಯಿಂದ ಒಂದಿಂಚು ಬಿಡುತ್ತೇನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲೆನಾಡಿನ ಗಾಳಿಯಲ್ಲೇ ನೀರಿರುತ್ತದೆ, ಜಾಗ ಉಳಿಸಲೆಂದು ಈ ಒಂದಿಂಚಿನ ಅಂತರವನ್ನು ಕೈಬಿಡಬೇಡ.
– ಹಾಸನದ ಹಿರಿಯ ಬಡಗಿ

ನಾನು ಚಿಕ್ಕಮಗಳೂರಿನಲ್ಲಿ ಅಂಗಡಿ ನಡೆಸುವವನು, ಒಮ್ಮೆ ಕೆಲಸಗಾರರ ಬಾಕಿಯನ್ನು ತಡೆಹಿಡಿದವನೂ ಹೌದು. ಗೋಡೆಯಲ್ಲಿ ಹಿಂದಿನ ವರ್ಷವೇ ನೀರು ಜಿನುಗಿದ್ದು ನನಗೆ ಗೊತ್ತಿತ್ತು. ಹೇಳಿದರೆ ಕೆಲಸ ತಡವಾಗುತ್ತದೆಂದು ಹೇಳಿರಲಿಲ್ಲ. ಅದು ನನ್ನ ತಪ್ಪೆಂದು ತಿಳಿದ ಮೇಲೆ ಪೂರ್ತಿ ಹಣ ಕೊಟ್ಟೆ. ನಿಮ್ಮ ಮಾಲೀಕರನ್ನೂ ಈ ಪ್ರಶ್ನೆಯನ್ನು ಸಮಾಧಾನದಿಂದ ಕೇಳಿ. ದೋಷ ನಿಮ್ಮದೇ ಆದರೂ ಕೆಟ್ಟ ರ‍್ಯಾಕುಗಳ ದುರಸ್ತಿಯ ಮೊತ್ತವನ್ನಷ್ಟೇ ಹಿಡಿದುಕೊಳ್ಳುವುದು ನ್ಯಾಯ. ಚೆನ್ನಾಗಿರುವ ಕೌಂಟರು, ಫಾಲ್ಸ್ ಸೀಲಿಂಗ್‌ಗಳ ಕೂಲಿಯನ್ನು ತಡೆಯಲು ಕಾರಣವೇ ಇಲ್ಲ. ಕೊಟೇಶನ್, ಪ್ಲೈವುಡ್ ಬಿಲ್ಲು, ಮುಂಗಡ ಪಡೆದ ದಾಖಲೆಗಳನ್ನು ಒಟ್ಟುಗೂಡಿಸಿ, ಬಾಕಿಯ ಲೆಕ್ಕವನ್ನು ಬರವಣಿಗೆಯಲ್ಲಿ ಸ್ಪೀಡ್ ಪೋಸ್ಟ್‌ನಲ್ಲಿ ಕಳುಹಿಸಿ. ಹಣ ಕೊಡುವ ದಿನ ಗೊತ್ತುಮಾಡದ ಇಂಥ ಕೆಲಸದ ಕೂಲಿಗೆ ದಾವೆ ಹೂಡಲು ಕೆಲಸ ಮುಗಿದ ದಿನದಿಂದ 3 ವರ್ಷ ಕಾಲಾವಕಾಶವಿದೆ. ಆದರೂ ಗೋಡೆ ಒದ್ದೆಯಿರುವಾಗಲೇ ಫೋಟೊ ತೆಗೆದಿಟ್ಟುಕೊಳ್ಳಿ, ಬೇಸಿಗೆ ಬಂದರೆ ಆ ಗುರುತು ಉಳಿಯುವುದಿಲ್ಲ.
– ಚಿಕ್ಕಮಗಳೂರಿನ ಅಂಗಡಿ ಮಾಲೀಕ