ಹಳೇ ಬಟನ್ ಫೋನಿನ ಎಎಂಆರ್ ಫೈಲುಗಳನ್ನು ಎಂಪಿ3 ಮಾಡೋದು ಹೇಗೆ? (143 ಇವೆ!)

ಸಿದ್ದಾಪುರದವ:

ಎಲ್ಲರಿಗೂ ನಮಸ್ಕಾರ. ನಮ್ಮ ಅಪ್ಪಯ್ಯನಿಗೆ ತಾಳಮದ್ದಳೆ (ವೇಷ, ಕುಣಿತ ಇಲ್ಲದ, ಕೂತು ಮಾತಲ್ಲೇ ನಡೆಸುವ ಯಕ್ಷಗಾನ) ಹುಚ್ಚು. 2007ರಿಂದ 2013ರ ತನಕ ಸುತ್ತಮುತ್ತ ಎಲ್ಲಿ ಕೂಟ ಇದ್ದರೂ ಹೋಗಿ, ಬಟನ್ ಫೋನನ್ನು ಅಂಗಿ ಜೇಬಲ್ಲಿ ಇಟ್ಟುಕೊಂಡೇ ರೆಕಾರ್ಡ್ ಮಾಡಿದ್ದಾರೆ. ಫೋನು ಸತ್ತು ಯಾವುದೋ ಕಾಲ ಆಯಿತು, ಮೆಮೊರಿ ಕಾರ್ಡ್ ಮಾತ್ರ ಮೊನ್ನೆ ಗೋಡ್ರೆಜ್ ಕಪಾಟಿನಲ್ಲಿ ಸಿಕ್ಕಿತು. ಒಟ್ಟು 143 ಫೈಲು, 410 ಎಂಬಿ. ಬಹುತೇಕ ಎಲ್ಲದರ ಬಾಲದಲ್ಲೂ .ಎಎಂಆರ್ ಅಂತ ಇದೆ.

ಲ್ಯಾಪ್‌ಟಾಪ್‌ನಲ್ಲಿ ವಿಎಲ್‌ಸಿ ಹಾಕಿದರೆ ಕೇಳುತ್ತದೆ. ಆದರೆ ಅಪ್ಪಯ್ಯ ಕೇಳೋದು ಪೆನ್‌ಡ್ರೈವ್ ಸಿಕ್ಕಿಸುವ ಸ್ಪೀಕರಿನಲ್ಲಿ, ಅದಕ್ಕೆ ಈ ಫೈಲುಗಳು ಕಣ್ಣಿಗೇ ಬೀಳೋದಿಲ್ಲ. ಒಂದು ವೆಬ್‌ಸೈಟಿಗೆ ಹಾಕಿ ಎಂಪಿ3 ಮಾಡಲು ಕೂತೆ, ಒಂದೊಂದೇ ಹಾಕಬೇಕು, ಮನೆಯ ನೆಟ್‌ವರ್ಕ್ ಗೊತ್ತಲ್ಲ, ಹನ್ನೆರಡು ಆಗುವಷ್ಟರಲ್ಲಿ ಸಾಕೋ ಸಾಕಾಯಿತು. ಎಫ್‌ಎಫ್‌ಎಂಪೆಗ್ ಅಂತ ಒಂದಿದೆ, ಎಲ್ಲ ಒಂದೇ ಸಲ ಆಗುತ್ತದೆ ಅಂತ ಗೆಳೆಯ ಹೇಳಿದ. ಡೌನ್‌ಲೋಡ್ ಮಾಡಿ ಎರಡು ಸಲ ಕ್ಲಿಕ್ ಮಾಡಿದರೆ ಕಪ್ಪು ಕಿಟಕಿ ಮಿಂಚಿ ಮಾಯ ಆಗುತ್ತದೆ. ನಾನು ಬಿಕಾಂ, ಸ್ವಲ್ಪ ಬಿಡಿಸಿ ಹೇಳಿ.

ಇನ್ನೊಂದು ಪ್ರಶ್ನೆ. ಮಾತು ಸ್ಪಷ್ಟ ಇದೆ, ಚೆಂಡೆ ಶುರುವಾದರೆ ಮಾತ್ರ ತಗಡು ಬಡಿದ ಹಾಗೆ ಕೇಳುತ್ತದೆ. ಕನ್ವರ್ಟ್ ಮಾಡಿದರೆ ಸುಧಾರಿಸಬಹುದಾ?

ಕಪ್ಪುಕಿಟಕಿ:

ಅದು ಕ್ಲಿಕ್ ಮಾಡಿ ತೆರೆಯುವ ಸಾಫ್ಟ್‌ವೇರ್ ಅಲ್ಲ ಸಾರ್, ಅದಕ್ಕೇ ಮಿಂಚಿ ಹೋಗೋದು. ಹೀಗೆ ಮಾಡಿ. ಎಲ್ಲ ಫೈಲುಗಳನ್ನು ಕಾರ್ಡ್‌ನಿಂದ ಒಂದು ಹೊಸ ಫೋಲ್ಡರಿಗೆ ಕಾಪಿ ಮಾಡಿ (ಕಟ್ ಅಲ್ಲ, ಕಾಪಿ). ಎಫ್‌ಎಫ್‌ಎಂಪೆಗ್‌ನ ಇಎಕ್ಸ್‌ಇ ಫೈಲನ್ನೂ ಅದೇ ಫೋಲ್ಡರಿಗೆ ಹಾಕಿ. ಮೇಲೆ ಫೋಲ್ಡರಿನ ವಿಳಾಸ ಇರುವ ಪಟ್ಟಿ ಇದೆಯಲ್ಲ, ಅಲ್ಲಿ ಇರುವುದನ್ನು ಅಳಿಸಿ ಸಿಎಂಡಿ ಅಂತ ಟೈಪ್ ಮಾಡಿ ಎಂಟರ್ ಒತ್ತಿ. ಕಪ್ಪು ಕಿಟಕಿ ಅದೇ ಫೋಲ್ಡರಿನಲ್ಲಿ ತೆರೆದುಕೊಳ್ಳುತ್ತದೆ, ಮಾಯ ಆಗೋದಿಲ್ಲ.

ಮೊದಲು ಒಂದೇ ಫೈಲು ಮಾಡಿ ನೋಡಿ. ನಾನು ಫೋನಿನಿಂದ ಬರೆಯುತ್ತಿದ್ದೇನೆ, ಕಮಾಂಡೂ ಕನ್ನಡದಲ್ಲೇ ಇದೆ. ನೀವು ಇಂಗ್ಲಿಷ್ ಅಕ್ಷರದಲ್ಲಿ ಹೊಡೆಯಿರಿ, ಎಲ್ಲ ಸಣ್ಣಕ್ಷರ:

ಎಫ್‌ಎಫ್‌ಎಂಪೆಗ್ -ಐ "ಹಳೆಯದು.ಎಎಂಆರ್" "ಹೊಸದು.ಎಂಪಿ3"

ಐ ಅಂದರೆ ಇನ್‌ಪುಟ್, ಅಷ್ಟೇ. ಅದು ಸರಿಯಾದರೆ ಎಲ್ಲದಕ್ಕೂ ಸೇರಿಸಿ ಒಂದೇ ಸಾಲು:

ಫಾರ್ %ಎಫ್ ಇನ್ (*.ಎಎಂಆರ್) ಡೂ ಎಫ್‌ಎಫ್‌ಎಂಪೆಗ್ -ಎನ್ -ಐ "%ಎಫ್" "%~ಎನ್‌ಎಫ್.ಎಂಪಿ3"

ಡಬಲ್ ಕೋಟ್ ಬಿಡಬೇಡಿ. ಹೆಸರಿನ ನಡುವೆ ಜಾಗ ಇದ್ದರೆ, ಕೋಟ್ ಇಲ್ಲದೆ ಅದು ಮೊದಲ ಪದವನ್ನೇ ಪೂರ್ತಿ ಹೆಸರು ಅಂದುಕೊಂಡು ಅಂಥ ಫೈಲೇ ಇಲ್ಲ ಅನ್ನುತ್ತದೆ. -ಎನ್ ಹಾಕಿದ್ದು ಯಾಕೆ ಅಂದರೆ, ಅದೇ ಹೆಸರಿನ ಎಂಪಿ3 ಮೊದಲೇ ಇದ್ದರೆ ಅದರ ಮೇಲೆ ಬರೆಯದಿರಲಿ ಅಂತ. ಇದನ್ನೇ ಬ್ಯಾಚ್ ಫೈಲಿನಲ್ಲಿ (ಕಮಾಂಡ್ ಬರೆದಿಟ್ಟು ಬೇಕಾದಾಗ ಓಡಿಸುವ ಫೈಲು) ಬರೆದಿಟ್ಟುಕೊಳ್ಳುವುದಾದರೆ ಪ್ರತಿ % ಜಾಗದಲ್ಲಿ %% ಬೇಕು. ನಾನು ಇದಕ್ಕೆ ಒಂದು ಇಡೀ ಭಾನುವಾರ ಕಳೆದಿದ್ದೇನೆ.

ಮದ್ದಳೆಮಾಣಿ:

ಚೆಂಡೆಯ ಪ್ರಶ್ನೆಗೆ ನಾನು ಹೇಳುತ್ತೇನೆ. ಸುಧಾರಿಸೋದಿಲ್ಲ ಮಾರಾಯ್ರೆ. ಎಎಂಆರ್ ಇರುವುದೇ ಫೋನಿನ ಮಾತಿಗೆ. ಸೆಕೆಂಡಿಗೆ 8000 ಸ್ಯಾಂಪಲ್ (ಸದ್ದಿನ ಅಳತೆ) ಮಾತ್ರ, ಅಂದರೆ 4000 ಹರ್ಟ್ಝ್‌ಗಿಂತ ಮೇಲಿನ ಸದ್ದು ಅದರಲ್ಲಿ ಇರೋದೇ ಇಲ್ಲ. ತಾಳದ ಕಿಣಿಕಿಣಿ, ಚೆಂಡೆಯ ಛಟಛಟ, ಎಲ್ಲದರ ಜೀವ ಇರುವುದು ಅಲ್ಲೇ ಮೇಲೆ. ಅದು ಸಾಲದು ಅಂತ ಇದು ಸದ್ದನ್ನು ಇದ್ದ ಹಾಗೇ ಬರೆದಿಡೋದೂ ಇಲ್ಲ. 20 ಮಿಲಿಸೆಕೆಂಡಿನ ಒಂದೊಂದು ತುಂಡು ತೆಗೆದುಕೊಂಡು, ಈ ಸದ್ದು ಮನುಷ್ಯನ ಗಂಟಲಿನಿಂದ ಬಂದಿದ್ದರೆ ಗಂಟಲು, ಬಾಯಿ ಹೇಗಿರಬೇಕಿತ್ತು ಅಂತ ಲೆಕ್ಕ ಹಾಕಿ ಆ ಲೆಕ್ಕವನ್ನು ಇಡುತ್ತದೆ. ಅರ್ಥಧಾರಿಗಳ (ಪಾತ್ರಗಳ ಮಾತು ಆಡುವವರ) ಮಾತಿಗೆ ಹೇಳಿ ಮಾಡಿಸಿದ್ದು. ಭಾಗವತರ ಪದವೂ ಹೇಗೋ ನಡೆಯುತ್ತದೆ. ಚೆಂಡೆಗೆ ಗಂಟಲು ಎಲ್ಲಿದೆ? ತಗಡೇ ಗತಿ. ಹೋದದ್ದು ರೆಕಾರ್ಡ್ ಮಾಡುವಾಗಲೇ ಹೋಗಿದೆ, ಕನ್ವರ್ಟ್ ಮಾಡಿದರೆ ವಾಪಸ್ ಬರೋದಿಲ್ಲ.

ಹಾಗಂತ ಎಂಪಿ3 ಆದ ಮೇಲೆ ಎಎಂಆರ್ ಅಳಿಸಿಬಿಡಬೇಡಿ. ಎಂಪಿ3 ಮಾಡುವಾಗ ಇನ್ನೂ ಚೂರು ಹೋಗುತ್ತದೆ. ಮೂಲ ಇರುವುದು 410 ಎಂಬಿ, ಇವತ್ತಿನ ಕಾಲದಲ್ಲಿ ಅದೇನು ದೊಡ್ಡದು.

ಸಿದ್ದಾಪುರದವ:

ಕಪ್ಪುಕಿಟಕಿ ಅವರೇ, ಕೈ ಮುಗಿದೆ! ಚಹಾ ಕುಡಿದು ಬರುವಷ್ಟರಲ್ಲಿ 141 ಆಗಿತ್ತು. ಆದರೆ ಮೂರು ತಕರಾರು.

ಒಂದು, ಪೆನ್‌ಡ್ರೈವಿಗೆ ಹಾಕಿದರೆ ಸ್ಪೀಕರು ಇವನ್ನು ಒಂದೊಂದೇ ಹಾರಿಸಿಕೊಂಡು ಕೊನೆಯಲ್ಲಿರುವ ಭಜನೆಯ ಎಂಪಿ3ಗೆ ಹೋಗಿ ನಿಲ್ಲುತ್ತದೆ. ಲ್ಯಾಪ್‌ಟಾಪ್‌ನಲ್ಲಿ ಇವೇ ಫೈಲು ಸರಿಯಾಗಿ ಕೇಳುತ್ತವೆ.

ಎರಡು, ಒಂದು ಎಎಂಆರ್‌ಗೆ "ಇನ್‌ವ್ಯಾಲಿಡ್ ಡೇಟಾ" ಅಂತ ಬಂತು.

ಮೂರು, ಕೊನೆಯ ಫೈಲು ಎಎಂಆರ್ ಅಲ್ಲ, ಎಂ4ಎ. ಆಮೇಲೆ ತಂಗಿ ಕೊಡಿಸಿದ ಟಚ್ ಫೋನಿನದು. ಅದನ್ನು ಬೇರೆಯಾಗಿ ಕೊಟ್ಟರೆ "ಮೂವ್ ಆಟಮ್ ನಾಟ್ ಫೌಂಡ್" ಅನ್ನುತ್ತದೆ. ಅಪ್ಪಯ್ಯನನ್ನು ಕೇಳಿದರೆ, ಅವತ್ತು ಕೂಟದ ಮಧ್ಯದಲ್ಲೇ ಚಾರ್ಜ್ ಮುಗಿದು ಫೋನು ಆಫ್ ಆಗಿತ್ತಂತೆ. ಅವರಿಗೆ ಬೇಕಾಗಿರುವುದು ಮುಖ್ಯವಾಗಿ ಅದೇ, ವಾಲಿಯ ಅರ್ಥ ಹೇಳಿದವರು ಈಗ ಇಲ್ಲ.

ಕಪ್ಪುಕಿಟಕಿ:

ಮೊದಲನೆಯದು ನನ್ನ ತಪ್ಪು. ಮೂಲ 8000 ಹರ್ಟ್ಝ್ (ಅಂದರೆ ಸೆಕೆಂಡಿಗೆ 8000 ಸ್ಯಾಂಪಲ್) ಇದ್ದುದರಿಂದ ಎಂಪಿ3 ಕೂಡ 8000 ಹರ್ಟ್ಝ್‌ನಲ್ಲೇ ಆಗಿದೆ. ಎಷ್ಟೋ ಅಗ್ಗದ ಸ್ಪೀಕರು, ಕಾರಿನ ಪ್ಲೇಯರುಗಳಿಗೆ ಅಷ್ಟು ಕೆಳಗಿನದು ಅರ್ಥವಾಗೋದಿಲ್ಲ. -ಐ "%ಎಫ್" ಆದ ಮೇಲೆ, ಹೊಸ ಹೆಸರಿಗೆ ಮೊದಲು ಇದನ್ನು ಸೇರಿಸಿ:

-ಎಆರ್ 44100 -ಬಿ:ಎ 64ಕೆ

ಇದರಿಂದ ಧ್ವನಿ ಚೆನ್ನಾಗೋದಿಲ್ಲ, ಸ್ಪೀಕರಿಗೆ ಪರಿಚಯದ ಅಳತೆಯಲ್ಲಿ ಸಿಗುತ್ತದೆ ಅಷ್ಟೇ. ಹಾಂ, ಮೊದಲು ಮಾಡಿದ ಎಂಪಿ3ಗಳನ್ನು ಅಳಿಸಿ ಆಮೇಲೆ ಓಡಿಸಿ. -ಎನ್ ಇದೆಯಲ್ಲ, ಇಲ್ಲಾಂದ್ರೆ ಒಂದನ್ನೂ ಮುಟ್ಟೋದಿಲ್ಲ, ಆಮೇಲೆ ಏನೂ ಬದಲಾಗಲಿಲ್ಲ ಅಂತ ನನಗೇ ಬೈತೀರಿ.

ಎರಡನೆಯದಕ್ಕೆ, ಆ ಎಎಂಆರ್ ಫೈಲಿನ ಇನ್ನೊಂದು ಕಾಪಿ ಮಾಡಿ ನೋಟ್‌ಪ್ಯಾಡ್‌ನಲ್ಲಿ ತೆರೆಯಿರಿ. ಸೇವ್ ಮಾತ್ರ ಮಾಡಬೇಡಿ. ಸರಿಯಾದ ಎಎಂಆರ್ ಆದರೆ ಶುರುವಿನಲ್ಲೇ #!ಎಎಂಆರ್ ಅಂತ ಇಂಗ್ಲಿಷಿನಲ್ಲಿ ಓದುವ ಹಾಗೆ ಇರುತ್ತದೆ, ಆಮೇಲೆ ಬರೀ ಗಜಿಬಿಜಿ. ಮೊದಲ ಸಾಲು ಮಾತ್ರ ಹೋಗಿದ್ದರೆ ಮತ್ತೆ ಅಂಟಿಸಬಹುದು.

ಕಡಲತಡಿ:

ಮೂರನೆಯದು ನನಗೂ ಆಗಿತ್ತು, ಹೇಳುತ್ತೇನೆ. ಎಎಂಆರ್ ಅನ್ನೋದು ಹೂವಿನ ಮಾಲೆ ಕಟ್ಟಿದ ಹಾಗೆ, ನಡುವೆ ಕೈ ಬಿಟ್ಟರೂ ಕಟ್ಟಿದಷ್ಟು ಉಳಿಯುತ್ತದೆ. ಎಂ4ಎ ಹಾಗಲ್ಲ. ಯಾವ ತುಂಡು ಎಲ್ಲಿದೆ ಅನ್ನುವ ಪಟ್ಟಿಯನ್ನು ಫೋನು ಸಾಮಾನ್ಯವಾಗಿ ಕೊನೆಯಲ್ಲಿ, ನೀವು ಸ್ಟಾಪ್ ಒತ್ತಿದ ಮೇಲೆ ಬರೆಯುತ್ತದೆ. ಆ ಪಟ್ಟಿಯೇ ಮೂವ್ ಆಟಮ್. ಚಾರ್ಜ್ ಮುಗಿದರೆ ಪಟ್ಟಿ ಬರೆಯೋಕೆ ಪುರುಸೊತ್ತೇ ಇಲ್ಲ. ಧ್ವನಿ ಒಳಗೇ ಇರುತ್ತದೆ, ದಾರಿ ಇರೋದಿಲ್ಲ.

ಅನ್‌ಟ್ರಂಕ್ ಅಂತ ಇನ್ನೊಂದು ಕಮಾಂಡ್‌ಲೈನ್ ಟೂಲ್ ಇದೆ. ಅದಕ್ಕೆ ಅದೇ ಫೋನಿನಲ್ಲಿ, ಅದೇ ಸೆಟ್ಟಿಂಗ್‌ನಲ್ಲಿ ಮಾಡಿದ ಒಂದು ಸರಿ ಇರುವ ರೆಕಾರ್ಡಿಂಗ್ ಬೇಕು. ಮೊದಲು ಸರಿ ಇರುವ ಫೈಲಿನ ಹೆಸರು, ಆಮೇಲೆ ಕೆಟ್ಟದ್ದರ ಹೆಸರು ಕೊಡಬೇಕು. ಸರಿ ಇರುವುದನ್ನು ನೋಡಿ ಕೆಟ್ಟದ್ದರ ಪಟ್ಟಿಯನ್ನು ಹೊಸದಾಗಿ ಕಟ್ಟುತ್ತದೆ. ಇದು ಮುಖ್ಯವಾಗಿ ವಿಡಿಯೋಗೆ ಇರುವ ಟೂಲ್, ಆದರೂ ನೋಡಿ. ಆ ಟಚ್ ಫೋನು ಇನ್ನೂ ಇದೆಯಾ? ಇದ್ದರೆ ಎರಡು ನಿಮಿಷ ಏನಾದರೂ ಮಾತಾಡಿ ರೆಕಾರ್ಡ್ ಮಾಡಿಕೊಳ್ಳಿ, ಸಾಕು.

ಇನ್ನೊಂದು ವಿಷಯ ಯಾರೂ ಹೇಳಲಿಲ್ಲ. ಎಎಂಆರ್ ಒಳಗೆ ದಿನಾಂಕ ಬರೆದಿರೋದಿಲ್ಲ. ಫೈಲಿನ ಮಾಡಿಫೈಡ್ ದಿನಾಂಕವೇ ಗತಿ. ಹೊಸ ಎಂಪಿ3ಗೆ ಇವತ್ತಿನ ದಿನಾಂಕ ಬಿದ್ದಿರುತ್ತದೆ, ನೋಡಿ. ಮೂಲ ಫೋಲ್ಡರಿನಲ್ಲಿ ಡಿಐಆರ್ > ಪಟ್ಟಿ.ಟಿಎಕ್ಸ್‌ಟಿ ಅಂತ ಹೊಡೆದರೆ ಎಲ್ಲ ದಿನಾಂಕ ಒಂದು ಫೈಲಿನಲ್ಲಿ ಬಂದು ಕೂರುತ್ತದೆ. ಬ್ಯಾಟರಿ ತೆಗೆದು ಹಾಕುತ್ತಿದ್ದ ಫೋನಾದರೆ ಕೆಲವು ಜನವರಿ 1 ಅಂತ ತೋರಿಸಬಹುದು, ಅದಕ್ಕೆ ಅಪ್ಪಯ್ಯನ ನೆನಪೇ ಮದ್ದು.

ಸಿದ್ದಾಪುರದವ:

ಬರೆಯಲು ತಡವಾಯಿತು, ಕೊಯ್ಲು ನಡೀತಿತ್ತು.

ಸ್ಪೀಕರ್ ಈಗ ಎಲ್ಲವನ್ನೂ ಓಡಿಸುತ್ತದೆ. ಆ ಕೆಟ್ಟ ಎಎಂಆರ್‌ನಲ್ಲಿ ಶುರುವಿನಿಂದ ಕೊನೆಯ ತನಕ ಬರೀ ಖಾಲಿ, ಗಜಿಬಿಜಿ ಕೂಡ ಇಲ್ಲ, ಅಂಟಿಸಲು ಏನೂ ಉಳಿದಿಲ್ಲ. ಅದನ್ನು ಬಿಟ್ಟೆ. ದಿನಾಂಕದ ಪಟ್ಟಿಯನ್ನು ಪ್ರಿಂಟ್ ತೆಗೆದು ಕೊಟ್ಟಿದ್ದೇನೆ. ಅಪ್ಪಯ್ಯ ಕೆಂಪು ಪೆನ್ನಿನಲ್ಲಿ ಊರು, ಪ್ರಸಂಗ, ಅರ್ಥಧಾರಿಗಳ ಹೆಸರು ಬರೆಯುತ್ತಾ ಕೂತಿದ್ದಾರೆ, 60ರ ಹತ್ತಿರ ಆಗಿದೆ.

ಟಚ್ ಫೋನು ತಂಗಿಯ ಮನೆಯಲ್ಲಿತ್ತು. ಪರದೆ ಒಡೆದಿದ್ದರೂ ಚಾರ್ಜ್ ಆಯಿತು. ಎರಡು ನಿಮಿಷ ಕುಕ್ಕರ್ ಸೀಟಿಯನ್ನೇ ರೆಕಾರ್ಡ್ ಮಾಡಿ ಅನ್‌ಟ್ರಂಕ್‌ಗೆ ಕೊಟ್ಟೆ. 52 ನಿಮಿಷ ಬಂತು! ನಡುವೆ ಎರಡು ಕಡೆ ಕರಕರ ಅನ್ನುತ್ತದೆ. ವಾಲಿ ಬಿದ್ದು ರಾಮನನ್ನು ಪ್ರಶ್ನೆ ಮಾಡುವ ಜಾಗ ಪೂರ್ತಿ ಇದೆ. ಅಪ್ಪಯ್ಯ ಅದನ್ನು ಎರಡು ಸಲ ಕೇಳಿ, ಚೆಂಡೆ ಇದರಲ್ಲಿ ಚೆನ್ನಾಗಿದೆಯಲ್ಲ, ಬಾಕಿ 141 ಕೂಡ ಹೀಗೇ ಮಾಡು ಅಂದರು. ಮದ್ದಳೆಮಾಣಿ ಅವರೇ, ನೀವು ಬರೆದದ್ದನ್ನು ಓದಿ ಹೇಳಿದೆ, ನಂಬುತ್ತಿಲ್ಲ.

ಮದ್ದಳೆಮಾಣಿ:

ಫೋನ್ ನಂಬರ್ ಮೆಸೇಜ್ ಮಾಡಿ, ನಾನೇ ಮಾತಾಡುತ್ತೇನೆ. ಆ 52 ನಿಮಿಷ ನನಗೂ ಬೇಕು, ಎಂಪಿ3 ಅಲ್ಲ, ರಿಪೇರಿ ಆದ ಎಂ4ಎ ಫೈಲನ್ನೇ ಕಳಿಸಿ.