ಪಕ್ಕದವರ ಬೂದಿ, ನಮ್ಮ ಖರೀದಿ ಪಟ್ಟಿ: ಇಂಡಸ್ಟ್ರಿಯಲ್ ಇಕಾಲಜಿ ಕುರಿತು ಪ್ರಶ್ನೋತ್ತರ

ಪ್ರಶ್ನೆ (ಸೇಡಂ, ಸಿಮೆಂಟ್ ಕಾರ್ಖಾನೆಯೊಂದರ ಪರಿಸರ ವಿಭಾಗ): ಸರ್, ನಮಸ್ಕಾರ. ನಮ್ಮ ಕಾರ್ಖಾನೆಗೆ ಐಎಸ್‌ಒ 14001 (ಪರಿಸರ ನಿರ್ವಹಣೆಯ ಅಂತರರಾಷ್ಟ್ರೀಯ ಮಾನದಂಡ) ಪ್ರಮಾಣಪತ್ರ ಸಿಕ್ಕು ಬಹಳ ವರ್ಷಗಳಾದವು. ಚಿಮಣಿ ಹೊಗೆಯ ಅಳತೆ, ಮಾಲಿನ್ಯ ನಿಯಂತ್ರಣ ಮಂಡಳಿಗೆ ಸಲ್ಲಿಸುವ ವಾರ್ಷಿಕ ವರದಿ, ಗಿಡ ನೆಡುವ ಕೆಲಸ ಎಲ್ಲವೂ ಕ್ರಮವಾಗಿ ನಡೆದಿವೆ. ಈಗ ಪ್ರಧಾನ ಕಚೇರಿಯವರು ಪರಿಸರ ನೀತಿಯಲ್ಲಿ ‘ಇಂಡಸ್ಟ್ರಿಯಲ್ ಇಕಾಲಜಿ’ ಕುರಿತು ಒಂದು ಅಧ್ಯಾಯ ಸೇರಿಸಿ ಕಳಿಸಲು ಹೇಳಿದ್ದಾರೆ. ಇದು ಇರುವ ವ್ಯವಸ್ಥೆಗೇ ಇಟ್ಟ ಹೊಸ ಹೆಸರೋ ಅಥವಾ ನಮ್ಮ ಕೆಲಸದ ರೀತಿಯೇ ಬದಲಾಗಬೇಕೋ, ದಯವಿಟ್ಟು ತಿಳಿಸಿರಿ.

ಉತ್ತರ (ಪರಿಸರ ಎಂಜಿನಿಯರ್, ಕಲಬುರಗಿ): ನಮಸ್ಕಾರ. ಅಧ್ಯಾಯ ಬರೆಯುವುದು ಒಂದು ಸಂಜೆಯ ಕೆಲಸ. ಆದರೆ ಅದನ್ನು ಪರಿಸರ ವಿಭಾಗವೊಂದೇ ಕೂತು ಬರೆದರೆ ಅದು ಹೊಸ ಹೆಸರಾಗಿಯೇ ಉಳಿಯುತ್ತದೆ, ಏಕೆಂದರೆ ಈ ವಿಷಯದ ಬಹುಪಾಲು ಕೆಲಸ ಖರೀದಿ ವಿಭಾಗದವರ ಮೇಜಿನ ಮೇಲಿದೆ.

ನಿಮ್ಮ ಈಗಿನ ವ್ಯವಸ್ಥೆ ಗೇಟಿನಲ್ಲಿ ನಿಂತು, ಹೊರಗೆ ಏನು ಹೋಗುತ್ತಿದೆ, ಅದು ಮಿತಿಯೊಳಗಿದೆಯೇ ಎಂದು ನೋಡುತ್ತದೆ. ಇಂಡಸ್ಟ್ರಿಯಲ್ ಇಕಾಲಜಿ ಅದೇ ಗೇಟಿನ ಎರಡೂ ಬದಿಗೆ ನಡೆದು ಹೋಗಿ, ಒಳಗೆ ಬಂದ ಪ್ರತಿ ಟನ್ ಎಲ್ಲಿಂದ ಬಂತು, ಯಾವ ರೂಪ ತಾಳಿ ಎಲ್ಲಿಗೆ ಹೋಯಿತು, ಹೋದ ಜಾಗದಲ್ಲಿ ಅದು ಯಾರಿಗಾದರೂ ಕಚ್ಚಾವಸ್ತುವಾಗಬಲ್ಲದೇ ಎಂದು ವಿಚಾರಿಸುತ್ತದೆ. 1989ರಲ್ಲಿ ಜನರಲ್ ಮೋಟರ್ಸ್ ಸಂಶೋಧನಾ ವಿಭಾಗದ ರಾಬರ್ಟ್ ಫ್ರಾಶ್ ಮತ್ತು ನಿಕೊಲಸ್ ಗ್ಯಾಲೊಪೌಲೊಸ್ ಬರೆದ ಲೇಖನವೊಂದು ಈ ಯೋಚನೆಯನ್ನು ಉದ್ಯಮದವರ ಮುಂದಿಟ್ಟಿತು: ಕಾಡಿನಲ್ಲಿ ಒಂದರ ಉಳಿಕೆ ಇನ್ನೊಂದರ ಆಹಾರವಾಗುವಂತೆ ಕಾರ್ಖಾನೆಗಳ ನಡುವೆಯೂ ಆಗಬೇಕು ಎಂಬುದು ಅದರ ಸಾರ. ಐಎಸ್‌ಒ 14001ರ 2015ರ ಆವೃತ್ತಿಯೂ ಉತ್ಪನ್ನದ ಜೀವನಚಕ್ರದ, ಅಂದರೆ ಕಚ್ಚಾವಸ್ತುವಿನಿಂದ ವಿಲೇವಾರಿಯವರೆಗಿನ, ದೃಷ್ಟಿಯಿಂದ ನೋಡಬೇಕು ಎನ್ನುತ್ತದೆಯಾದರೂ ಪೂರ್ಣ ಜೀವನಚಕ್ರ ವಿಶ್ಲೇಷಣೆಯನ್ನು ಕಡ್ಡಾಯ ಮಾಡುವುದಿಲ್ಲ. ಹೀಗಾಗಿ ಹೆಚ್ಚಿನ ಕಾರ್ಖಾನೆಗಳಲ್ಲಿ ಆ ಸಾಲಿನ ಮುಂದೆ ಒಂದು ಟಿಕ್ ಬೀಳುತ್ತದೆ, ಅಷ್ಟೇ.

ಎಲ್ಲರೂ ಕೊಡುವ ಉದಾಹರಣೆ ಡೆನ್ಮಾರ್ಕಿನ ಕಾಲುಂಡ್‌ಬೋರ್ಗ್. ಅಲ್ಲಿ 1961ರಲ್ಲಿ ತೈಲ ಶುದ್ಧೀಕರಣ ಘಟಕಕ್ಕೆ ಕೆರೆಯ ನೀರು ತಂದರು. ಅಂತರ್ಜಲ ಉಳಿಸುವುದು ಅದರ ಉದ್ದೇಶವಾಗಿತ್ತು. 1972ರಲ್ಲಿ ಅದೇ ಘಟಕ ಸುಟ್ಟು ಬಿಡುತ್ತಿದ್ದ ಅನಿಲವನ್ನು ಪಕ್ಕದ ಜಿಪ್ಸಮ್ ಹಲಗೆ ಕಾರ್ಖಾನೆ ಕೊಂಡಿತು. ಯಾರೂ ಮೇಲೆ ಕೂತು ನಕ್ಷೆ ಬರೆಯಲಿಲ್ಲ. ಇಬ್ಬಿಬ್ಬರು ಕೂತು ಒಂದೊಂದು ಒಪ್ಪಂದ ಮಾಡಿಕೊಂಡರು. ನಿಮ್ಮ ಅಧ್ಯಾಯದಲ್ಲಿ ಈ ಊರಿನ ಚಿತ್ರ ಹಾಕುವುದಕ್ಕಿಂತ ನೀವು ಕೊಳ್ಳುವ ಬೂದಿಯ ಲೆಕ್ಕ ಹಾಕಿರಿ ಎಂಬುದು ನನ್ನ ಸಲಹೆ.

ಆ ಲೆಕ್ಕ ಹೀಗಿದೆ. ಶುದ್ಧ ಸುಣ್ಣದಕಲ್ಲು 100 ಕೆ.ಜಿ. ಕಾಸಿದರೆ 44 ಕೆ.ಜಿ. ಇಂಗಾಲದ ಡೈಆಕ್ಸೈಡ್ ಆಗಿ ಹಾರಿ ಹೋಗುತ್ತದೆ. ಇಂಧನ ಬದಲಿಸಿದರೂ ಅದು ತಪ್ಪುವುದಿಲ್ಲ. ಇಂಧನದ ಹೊಗೆಯನ್ನೂ ಸೇರಿಸಿದರೆ ಒಂದು ಟನ್ ಕ್ಲಿಂಕರ್‌ಗೆ (ಕಾಸಿದ ಕಲ್ಲಿನ ಗಟ್ಟಿ ಉಂಡೆಗಳು, ಇವನ್ನು ಅರೆದರೆ ಸಿಮೆಂಟ್) ಸುಮಾರು 0.85 ಟನ್ ಡೈಆಕ್ಸೈಡ್ ಬೀಳುತ್ತದೆ. ಪಿಪಿಸಿ, ಅಂದರೆ ಬೂದಿ ಬೆರೆಸಿದ ಸಿಮೆಂಟಿನಲ್ಲಿ ಶೇ. 15ರಿಂದ 35ರವರೆಗೆ ಹಾರುಬೂದಿ (ವಿದ್ಯುತ್ ಸ್ಥಾವರದ ಕಲ್ಲಿದ್ದಲು ಬೂದಿ) ಬಳಸಲು ಭಾರತೀಯ ಮಾನದಂಡ ಐಎಸ್ 1489 ಅವಕಾಶ ಕೊಡುತ್ತದೆ. ಶೇ. 30 ಬೂದಿ ಹಾಕಿದರೆ ಅಷ್ಟೇ ಕ್ಲಿಂಕರ್ ಉಳಿದು, ಟನ್ ಸಿಮೆಂಟಿಗೆ ಸುಮಾರು ಕಾಲು ಟನ್ ಡೈಆಕ್ಸೈಡ್ ಕಡಿಮೆಯಾಗುತ್ತದೆ. ಶಕ್ತಿನಗರದಂಥ ಉಷ್ಣ ವಿದ್ಯುತ್ ಸ್ಥಾವರದ ಬೂದಿ ಬಲ್ಕರ್‌ನಲ್ಲಿ ಬಂದು ನಿಮ್ಮ ಸೈಲೋಗೆ ಇಳಿಯುವುದು ಖರೀದಿ ವಿಭಾಗದ ಕಡತದಲ್ಲಿ ಬರೀ ಒಂದು ಬಿಲ್. ಆದರೆ ನಿಮ್ಮ ಪರಿಸರ ವಿಭಾಗ ಒಂದು ವರ್ಷವಿಡೀ ಮಾಡುವ ಕೆಲಸಕ್ಕಿಂತ ಆ ಬಿಲ್ಲಿನ ತೂಕ ಹೆಚ್ಚು ಎಂದರೆ ಬೇಸರಿಸಬೇಡಿರಿ.

ಪ್ರಶ್ನೆ (ಸೇಡಂನ ಅದೇ ಪ್ರಶ್ನೆಕಾರರು): ಧನ್ಯವಾದ ಸರ್. ಹಾಗಾದರೆ ಎಲ್ಲಿಂದ ಶುರು ಮಾಡಬೇಕು?

ಉತ್ತರ: ವಸ್ತುಗಳ ಜಮಾಖರ್ಚಿನಿಂದ. ಒಂದು ವರ್ಷದಲ್ಲಿ ಗೇಟಿನೊಳಗೆ ಬಂದದ್ದನ್ನೆಲ್ಲ ಟನ್ನಿನಲ್ಲಿ ಎಡಕ್ಕೆ, ಹೊರಗೆ ಹೋದದ್ದನ್ನು, ಅಂದರೆ ಸಿಮೆಂಟ್, ಅನಿಲ, ಆವಿ, ಗುಜರಿ, ಕಸ ಎಲ್ಲವನ್ನೂ ಬಲಕ್ಕೆ ಬರೆಯಿರಿ. ಎರಡೂ ಬದಿ ತಾಳೆಯಾಗದ ಕಡೆ ನಿಮ್ಮ ಕೆಲಸವಿದೆ. ಸ್ಟೋರ್ಸ್ ಮತ್ತು ತೂಕದ ಕಾಟಾದವರ ಸಹಾಯವಿಲ್ಲದೆ ಇದು ಆಗದು.

ಪ್ರಶ್ನೆ (ಶಹಾಬಾದ್, ಕಲ್ಲು ಪಾಲಿಶ್ ಘಟಕದ ಮಾಲೀಕರು): ಸಾಹೇಬರೇ, ನಮ್ಮ ಫರ್ಸಿ (ನೆಲಹಾಸು ಕಲ್ಲು) ಪಾಲಿಶ್ ಮಾಡುವಾಗ ಬರುವ ಬಿಳಿ ರಾಡಿಯನ್ನು ಎಲ್ಲಿ ಹಾಕಬೇಕೆಂಬುದೇ ದೊಡ್ಡ ಚಿಂತೆಯಾಗಿದೆ. ಅದೂ ಸುಣ್ಣದಕಲ್ಲಿನ ಪುಡಿಯೇ. ಸುತ್ತಲೂ ವಾಡಿ, ಮಳಖೇಡ, ಸೇಡಂ ಎಂದು ಸಿಮೆಂಟ್ ಕಾರ್ಖಾನೆಗಳಿವೆ. ಅವರು ಏಕೆ ಒಯ್ಯುವುದಿಲ್ಲ?

ಉತ್ತರ: ನಿಮ್ಮ ಪ್ರಶ್ನೆ ನ್ಯಾಯವಾದದ್ದು, ಮತ್ತು ನಾನು ಒಮ್ಮೆ ಇದರಲ್ಲಿ ಕೈ ಸುಟ್ಟುಕೊಂಡಿದ್ದೇನೆ. ಕೆಲವು ವರ್ಷಗಳ ಹಿಂದೆ ನಾನು ಸಲಹೆಗಾರನಾಗಿದ್ದ ಒಂದು ಕಾರ್ಖಾನೆಯಲ್ಲಿ ಪ್ರಯೋಗಕ್ಕೆಂದು ಒಂದು ಟಿಪ್ಪರ್ ರಾಡಿ ತರಿಸಿದೆವು. ಪ್ರಯೋಗಾಲಯದವರು ಸುಣ್ಣಾಂಶ, ಸಿಲಿಕಾ, ಮೆಗ್ನೀಷಿಯಾ ನೋಡಿ ಸರಿಯಿದೆ ಎಂದಿದ್ದರು. ರಾಡಿಯ ಮೇಲ್ಪದರ ಒಣಗಿ ಬಿರುಕು ಬಿಟ್ಟಿತ್ತು. ಬೆರಳು ಒತ್ತಿದರೆ ಒಳಗೆಲ್ಲ ಹಸಿ. ಹಾಪರ್‌ಗೆ ಸುರಿದ ಕೂಡಲೇ ಅದು ಚೂಟ್‌ನ ಕುತ್ತಿಗೆಯಲ್ಲಿ ಹಿಟ್ಟಿನ ಮುದ್ದೆಯಂತೆ ಕೂತುಬಿಟ್ಟಿತು. ನಾಲ್ಕು ಜನ ಹಾರೆ ಹಿಡಿದು ಮಧ್ಯಾಹ್ನದವರೆಗೆ ಕೆದಕಿದರು. ಕ್ರಷರ್ ವಿಭಾಗದ ಮುಖ್ಯಸ್ಥರು ನನ್ನ ಕಡೆ ನೋಡಿದ ನೋಟ ಇನ್ನೂ ನೆನಪಿದೆ. ಪ್ರಯೋಗ ಅಂದೇ ಮುಗಿಯಿತು. ರಸಾಯನವನ್ನು ನೋಡಿದೆವು, ತೇವವನ್ನು ನೋಡಲಿಲ್ಲ. ಆ ತಪ್ಪು ನನ್ನದೇ.

ಹತ್ತು ಟನ್ ರಾಡಿಯಲ್ಲಿ ಶೇ. 30 ನೀರಿದ್ದರೆ ನೀವು ಮೂರು ಟನ್ ನೀರಿಗೆ ಲಾರಿ ಬಾಡಿಗೆ ಕೊಟ್ಟಂತೆ. ಒಂದು ಕೆ.ಜಿ. ನೀರು ಆವಿಯಾಗಲು ಸುಮಾರು 540 ಕಿಲೊ ಕ್ಯಾಲರಿ ಬೇಕು. ಆ ಮೂರು ಟನ್ ಒಣಗಿಸಲು ಕೆ.ಜಿ.ಗೆ 4,000 ಕಿಲೊ ಕ್ಯಾಲರಿ ಕೊಡುವ ಗುಣಮಟ್ಟದ ಕಲ್ಲಿದ್ದಲು ಲೆಕ್ಕದಲ್ಲಿಯೇ 400 ಕೆ.ಜಿ. ಆಗುತ್ತದೆ, ನಿಜದಲ್ಲಿ ಇನ್ನೂ ಹೆಚ್ಚು. ಕಾರ್ಖಾನೆಯ ಕಲ್ಲು ಅರೆಯುವ ಕಚ್ಚಾಮಿಲ್ಲಿನಲ್ಲಿ ಬಿಸಿಗಾಳಿ ಇದೆ ನಿಜ, ಆದರೆ ಅದು ಅವರ ಸ್ವಂತ ಕಲ್ಲಿನ ತೇವಕ್ಕೆ ಅಳೆದು ಇಟ್ಟದ್ದು. ಅವರ ಗಣಿ ಬಾಗಿಲಲ್ಲೇ ಇರುವಾಗ ಈ ತಾಪತ್ರಯ ಅವರಿಗೇಕೆ ಎಂದು ಅವರು ಕೇಳುತ್ತಾರೆ.

ಆದರೂ ದಾರಿ ಇದೆ. ನಮ್ಮ ಭಾಗದ ಏಪ್ರಿಲ್–ಮೇ ಬಿಸಿಲನ್ನು ನಾವು ಬೈಯುತ್ತಲೇ ಕಳೆಯುತ್ತೇವೆ. ರಾಡಿ ಒಣಗಿಸಲು ಅದರಷ್ಟು ಅಗ್ಗದ ಯಂತ್ರ ಇನ್ನೊಂದಿಲ್ಲ. ಹತ್ತಾರು ಘಟಕಗಳವರು ಸೇರಿ ಒಂದು ಕಾಂಕ್ರೀಟ್ ಕಟ್ಟೆ ಮಾಡಿ, ತೆಳುವಾಗಿ ಹರಡಿ, ಒಣಗಿದ ಮೇಲೆ ಮುಚ್ಚಿಟ್ಟು, ತಿಂಗಳಿಗೆ ಇಷ್ಟು ಟನ್, ತೇವ ಇಷ್ಟಕ್ಕಿಂತ ಹೆಚ್ಚಿಲ್ಲ ಎಂದು ಬರೆದುಕೊಟ್ಟರೆ ಖರೀದಿ ಅಧಿಕಾರಿ ಮಾತಿಗೆ ಕೂರುತ್ತಾರೆ. ಒಬ್ಬೊಬ್ಬರೇ ಒಂದೊಂದು ಟ್ರಾಲಿ ಒಯ್ದು ಗೇಟಿನಲ್ಲಿ ನಿಂತರೆ ಕೂರುವುದಿಲ್ಲ. ಮುಚ್ಚುವುದನ್ನು ಮರೆಯಬೇಡಿರಿ, ಗಾಳಿಗೆ ಬಿಟ್ಟರೆ ರಾಡಿಯ ಸಮಸ್ಯೆ ಧೂಳಿನ ಸಮಸ್ಯೆಯಾಗುತ್ತದೆ.

ಇನ್ನೊಂದು ಮಾತನ್ನು ಸೇಡಂನ ಮಿತ್ರರೂ ಗಮನಿಸಬೇಕು. ಸಿಮೆಂಟ್ ಗೂಡಿಗೆ (ಕಲ್ಲು ಕಾಸುವ ಕುಲುಮೆಗೆ) ಹೋದ ರಾಡಿಯೂ ಗಣಿಯ ಕಲ್ಲಿನಂತೆಯೇ ಡೈಆಕ್ಸೈಡ್ ಬಿಡುತ್ತದೆ. ಇದರಿಂದ ಉಳಿತಾಯವಾಗುವುದು ಗಣಿಗಾರಿಕೆ ಮತ್ತು ರಾಡಿ ಸುರಿಯುವ ಹೊಲದ ಅಂಚಿನ ಜಾಗ ಮಾತ್ರ. ಬೂದಿಯ ಲಾಭವನ್ನೂ ರಾಡಿಯ ಲಾಭವನ್ನೂ ಒಂದೇ ಕಲಮಿನಲ್ಲಿ ಕೂಡಿಸಿ ವರದಿ ಬರೆಯುವುದು ಸರಿಯಲ್ಲ.

ಪ್ರಶ್ನೆ (ಬೀದರ್, ಔಷಧ ತಯಾರಿಕಾ ಘಟಕದ ಉದ್ಯೋಗಿ): ಸರ್, ನಮ್ಮ ಡಿಸ್ಟಿಲೇಷನ್‌ನಲ್ಲಿ ಉಳಿಯುವ ಗಷ್ಟನ್ನೂ ಹಳೆಯ ದ್ರಾವಕವನ್ನೂ ಸಿಮೆಂಟ್ ಗೂಡಿಗೆ ಕಳಿಸಿದರೆ ನಮ್ಮ ಹೊಣೆ ಮುಗಿಯಿತೇ?

ಉತ್ತರ: ಮುಗಿಯುವುದಿಲ್ಲ. ಮೊದಲು ದ್ರಾವಕವನ್ನು ನಿಮ್ಮಲ್ಲಿಯೇ ಎಷ್ಟು ಸಲ ಮರಳಿ ಪಡೆಯಬಹುದೋ ಅಷ್ಟು ಪಡೆಯಿರಿ. ಗೂಡು ಕೊನೆಯ ನಿಲ್ದಾಣ. ಗೂಡಿನಲ್ಲಿ ವಸ್ತುವಿನ ತಾಪ ಸುಮಾರು 1,450 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ, ಜ್ವಾಲೆ ಅದಕ್ಕಿಂತ ಬಿಸಿ, ಉಳಿದ ಬೂದಿ ಕ್ಲಿಂಕರ್‌ನಲ್ಲಿಯೇ ಬೆರೆಯುತ್ತದೆ. ಆ ಮಟ್ಟಿಗೆ ಅದು ಒಳ್ಳೆಯ ಸ್ಥಳವೇ. ಆದರೆ ನಿಮ್ಮ ದ್ರಾವಕದಲ್ಲಿ ಡೈಕ್ಲೋರೋಮೀಥೇನ್ ಇದ್ದರೆ ಅದರ ಕ್ಲೋರಿನ್ ಗೂಡಿನಲ್ಲಿ ಕ್ಷಾರಗಳ ಜೊತೆ ಆವಿಯಾಗಿ, ಗೂಡಿಗಿಂತ ಮೊದಲು ಕಚ್ಚಾಪುಡಿಯನ್ನು ಬಿಸಿ ಮಾಡುವ ಪ್ರೀಹೀಟರ್‌ನಲ್ಲಿ ತಣಿದು ಗಟ್ಟಿ ಕಟ್ಟುತ್ತದೆ, ದಾರಿಯೇ ಮುಚ್ಚುತ್ತದೆ. ಕ್ಲೋರಿನ್ ಇರುವುದನ್ನೂ ಇಲ್ಲದ್ದನ್ನೂ ಒಂದೇ ಡ್ರಮ್ಮಿಗೆ ಸುರಿಯುವ ಅಭ್ಯಾಸ ಈ ವ್ಯವಹಾರವನ್ನು ಮೂಲದಲ್ಲೇ ಕೆಡಿಸುತ್ತದೆ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ಸಾಮಾನ್ಯವಾಗಿ 90 ದಿನಕ್ಕಿಂತ ಹೆಚ್ಚು ಕೂಡಿಡುವಂತಿಲ್ಲ, ಮ್ಯಾನಿಫೆಸ್ಟ್ (ಸಾಗಣೆಯ ದಾಖಲೆ ಪತ್ರ) ಇಲ್ಲದೆ ಲಾರಿ ಹೊರಡುವಂತಿಲ್ಲ, ಪಡೆಯುವವರಿಗೂ ಮಂಡಳಿಯ ಅನುಮತಿ ಇರಬೇಕು. ಕಡಿಮೆ ದರಕ್ಕೆ ಒಯ್ಯುತ್ತೇವೆಂದು ಬರುವವರ ಕೈಯಲ್ಲಿ ಆ ಅನುಮತಿ ಪತ್ರ ಇದೆಯೇ ಎಂದು ನೀವೇ ಕೇಳಿ ನೋಡಿರಿ.

ಪ್ರಶ್ನೆ (ಕಲಬುರಗಿ, ದಾಲ್ ಮಿಲ್): ತೊಗರಿ ಹೊಟ್ಟನ್ನು ಗೂಡಿಗೆ ಇಂಧನವಾಗಿ ಕೊಡಬಹುದೇ?

ಉತ್ತರ: ಬೇಡ. ಹೊಟ್ಟು, ಚುನ್ನಿ ಈಗಾಗಲೇ ದನದ ಹೊಟ್ಟೆಗೆ ಹೋಗುತ್ತಿವೆ. ಸುಡುವುದಾದರೆ ಹೊಲದಲ್ಲಿ ಉಳಿಯುವ ತೊಗರಿ ಕಟ್ಟಿಗೆಯ ಬಗ್ಗೆ ಯೋಚಿಸಬಹುದು, ಅದೂ ರೈತರ ಒಲೆಗೆ ಬೇಡವಾದಷ್ಟನ್ನು ಮಾತ್ರ.

ಪ್ರಶ್ನೆ (ಯಾದಗಿರಿ, ಕಾಲೇಜು ಉಪನ್ಯಾಸಕರು): ಒಬ್ಬರ ಕಸಕ್ಕೆ ಗಿರಾಕಿ ಸಿಕ್ಕರೆ ಕಸ ಕಡಿಮೆ ಮಾಡುವ ಉತ್ಸಾಹವೇ ಹೋಗುವುದಿಲ್ಲವೇ? ಇದು ಮಾಲಿನ್ಯಕ್ಕೆ ಮಾರುಕಟ್ಟೆ ಒದಗಿಸಿದಂತೆ ಕಾಣುತ್ತದೆ.

ಉತ್ತರ: ನಿಮ್ಮ ಆಕ್ಷೇಪದಲ್ಲಿ ಸತ್ಯವಿದೆ, ಅದನ್ನು ನಾನು ತಳ್ಳಿಹಾಕುವುದಿಲ್ಲ. ಷೇರುಪೇಟೆಯ ನಿಯಂತ್ರಕ ಸೆಬಿ 2022–23ರಿಂದ ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 1,000 ನೋಂದಾಯಿತ ಕಂಪನಿಗಳಿಗೆ ಕಡ್ಡಾಯ ಮಾಡಿದ ಸುಸ್ಥಿರತಾ ವರದಿಯಲ್ಲಿ ಎಷ್ಟು ತ್ಯಾಜ್ಯ ಹುಟ್ಟಿತು, ಎಷ್ಟು ಮರುಬಳಕೆಯಾಯಿತು ಎರಡನ್ನೂ ಕೇಳುತ್ತಾರೆ. ಓದುವವರು ಎರಡನೆಯದರ ಶೇಕಡಾವಾರು ಏರಿದ್ದನ್ನು ನೋಡಿ ಸಂತೋಷಪಡುತ್ತಾರೆ, ಮೊದಲನೆಯ ಸಂಖ್ಯೆಯೂ ಜೊತೆಯಲ್ಲೇ ಏರಿರುವುದು ಅವರ ಕಣ್ಣಿಗೆ ಬೀಳುವುದಿಲ್ಲ. ಕಾಲುಂಡ್‌ಬೋರ್ಗ್‌ನ ವಿದ್ಯುತ್ ಸ್ಥಾವರ ಹೊಗೆ ತೊಳೆದು ತೆಗೆದ ಜಿಪ್ಸಮ್ ಅನ್ನು ಹಲಗೆ ಕಾರ್ಖಾನೆಗೆ ಕೊಡುತ್ತಿತ್ತು. ಮುಂದೆ ಆ ಸ್ಥಾವರ ಕಲ್ಲಿದ್ದಲು ಬಿಟ್ಟು ಮರದ ಚೂರಿಗೆ ಹೊರಳಿತು; ಕಲ್ಲಿದ್ದಲು ನಿಂತ ಮೇಲೆ ಆ ಜಿಪ್ಸಮ್ಮೂ ಇಲ್ಲ. ನಮ್ಮ ಸಿಮೆಂಟಿನವರೂ ಬೂದಿ ಸದಾ ಬರುತ್ತದೆಂದು ನಂಬಿ ಕೂರಬಾರದು. ಕಾಸಿದ ಜೇಡಿಮಣ್ಣು ಮತ್ತು ಸುಣ್ಣದಕಲ್ಲಿನ ಪುಡಿ ಬೆರೆಸಿದ ಸಿಮೆಂಟಿಗೆ 2023ರಲ್ಲಿ ಐಎಸ್ 18189 ಬಂದಿರುವುದನ್ನು ಈಗಿನಿಂದಲೇ ಓದಿಕೊಳ್ಳಲಿ. ಒಪ್ಪಂದಗಳನ್ನು ಎರಡು–ಮೂರು ವರ್ಷದ ಅವಧಿಗೆ ಮಾಡಿ, ಕೊಡುವವರು ತಮ್ಮ ಉಳಿಕೆ ಕಡಿಮೆ ಮಾಡಿಕೊಂಡರೆ ದಂಡವಿಲ್ಲ ಎಂಬ ಷರತ್ತನ್ನು ಸೇರಿಸುವುದು ನಾನು ಬಲ್ಲ ಒಳ್ಳೆಯ ಉಪಾಯ.

ಸೇಡಂನ ಪ್ರಶ್ನೆಕಾರರು: ಸರ್, ಸ್ಟೋರ್ಸ್‌ನಲ್ಲಿ ಒಂದು ವರ್ಷದ ಪಟ್ಟಿ ಕೇಳಿದೆ. ಪರಿಸರ ವಿಭಾಗಕ್ಕೆ ಖರೀದಿ ಪಟ್ಟಿ ಏಕೆ ಬೇಕೆಂದು ಕೇಳಿ ಕಳಿಸಿಬಿಟ್ಟರು.

ಉತ್ತರ: ಇಡೀ ಪಟ್ಟಿ ಕೇಳಬೇಡಿರಿ. ಗೂಡಿನ ಒಳಗೋಡೆಗೆ ಹಾಕುವ, ಶಾಖ ತಡೆಯುವ ರಿಫ್ರ್ಯಾಕ್ಟರಿ ಇಟ್ಟಿಗೆ ಕಳೆದ ಶಟ್‌ಡೌನ್‌ನಲ್ಲಿ ಎಷ್ಟು ಟನ್ ಬಂತು, ಒಡೆದು ತೆಗೆದದ್ದು ಎಷ್ಟು ಟನ್, ಅದರಲ್ಲಿ ಕ್ರೋಮ್ ಇರುವ ಇಟ್ಟಿಗೆ ಇತ್ತೇ, ಈಗ ಆ ರಾಶಿ ಎಲ್ಲಿದೆ ಎಂದಷ್ಟೇ ಕೇಳಿರಿ. ಕೊನೆಯ ಪ್ರಶ್ನೆಗೆ ಉತ್ತರ ಹುಡುಕಲು ಅವರೇ ನಿಮ್ಮ ಜೊತೆ ಯಾರ್ಡಿಗೆ ಬರುತ್ತಾರೆ.